ಜನ ಯಾಕೆ ಮಾತು ಕೇಳ್ತಾರೆ? ಮಡಿಕೇರಿಯಲ್ಲಿ ಕೂತು ಮ್ಯಾಕ್ಸ್ ವೆಬರ್ ಓದೋದು

ಎಲ್ಲರಿಗೂ ನಮಸ್ಕಾರ. ಈ ಮಳೇಲಿ ವಿರಾಜಪೇಟೆಯಿಂದ, ಸೋಮವಾರಪೇಟೆಯಿಂದೆಲ್ಲ ಬಸ್ ಹಿಡ್ಕೊಂಡು ಬಂದಿದ್ದೀರಿ, ಸಂಜೆ ಬಸ್ಸಿಗೆ ವಾಪಸ್ ಹೋಗ್ಬೇಕು, ಅದಕ್ಕೆ ಪೀಠಿಕೆ ಬೇಡ. ಕೊಡಗಲ್ಲಿ ಸಮಾಜಶಾಸ್ತ್ರ ಅಂದ್ರೆ ನಮಗೆ ನೆನಪಾಗೋದು ಎಂ.ಎನ್. ಶ್ರೀನಿವಾಸ್, 1952ರಲ್ಲಿ ಬಂದ ಕೊಡವರ ಬಗೆಗಿನ ಅವರ ಪುಸ್ತಕ, ಸಂಸ್ಕೃತೀಕರಣ ಅನ್ನೋ ಅವರ ಮಾತು, ಅಂದ್ರೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸೋದು. ನಾನು ಅವರಿಗಿಂತ ಹಿಂದಕ್ಕೆ ಹೋಗಿ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬಗ್ಗೆ ಮಾತಾಡ್ತೀನಿ. 1864ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1920ರ ಜೂನ್‌ನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡವರು. ಬರೀ 56 ವರ್ಷ.

ಇವರು ಎಷ್ಟೋ ಬರೆದಿದ್ದಾರೆ, ನನ್ನನ್ನ ಬಿಡದೆ ಕಾಡಿದ್ದು ಒಂದೇ ಪ್ರಶ್ನೆ. ಜನ ಯಾಕೆ ಮಾತು ಕೇಳ್ತಾರೆ? ಹೆದರಿಕೆಯಿಂದ ಅಂತೀರಿ. ಹೆದರಿಕೆ ಎಷ್ಟು ದಿನ ನಡೆಯುತ್ತೆ? ಆಳೋರಿಗೆ ಆಳೋ ಹಕ್ಕಿದೆ ಅಂತ ಆಳಿಸ್ಕೊಳ್ಳೋರು ನಂಬ್ಬೇಕು, ಆಗ ಮಾತ್ರ ಅಧಿಕಾರ ನಿಲ್ಲುತ್ತೆ. ಆ ನಂಬಿಕೆ ಮೂರು ಥರ ಅಂದ್ರು ವೆಬರ್. ಅಜ್ಜ ಮುತ್ತಜ್ಜನ ಕಾಲದಿಂದ ಹೀಗೇ ಇದೆ ಅಂತ ಕೇಳೋದು, ಈ ಮನುಷ್ಯನಲ್ಲಿ ಏನೋ ಇದೆ ಅಂತ ಹಿಂದೆ ಹೋಗೋದು (ಆ ಏನೋ ಅನ್ನೋದಕ್ಕೆ ವರ್ಚಸ್ಸು ಅಂತಾರೆ), ರೂಲ್ ಇದೆ ಆರ್ಡರ್ ಇದೆ ಅಂತ ಒಪ್ಪೋದು.

ಈಗ ನಮ್ಮೂರಿಗೆ ಬನ್ನಿ. ವೆಬರ್ ಇದನ್ನ ಬರೆಯೋಕೆ ಸುಮಾರು ಎಂಬತ್ತು ವರ್ಷ ಮೊದಲೇ ಈ ಮೂರೂ ಒಂದರ ಮೇಲೊಂದು ಬಿದ್ದು ಒದ್ದಾಡಿದ ಜಾಗ ಇದು. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಸೈನ್ಯ ಮಡಿಕೇರಿಗೆ ಬಂತು, ಚಿಕ್ಕ ವೀರರಾಜನನ್ನ ಇಳಿಸಿ ಕಾಶಿಗೆ ಕಳಿಸಿದ್ರು, ಹಾಲೇರಿ ವಂಶದ ಆಳ್ವಿಕೆ ಮುಗೀತು. ಅರಮನೆ ಹೋಯ್ತು, ಕಚೇರಿ ಬಂತು. ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರು ಸೀಮೆನ ಕೊಡಗಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದ್ರು. ಅಲ್ಲಿಯವರು ಬೆಳೆದ ಬೆಳೆಯಲ್ಲೇ ಕಂದಾಯ ಕಟ್ತಿದ್ರು, ಇನ್ಮುಂದೆ ದುಡ್ಡಲ್ಲೇ ಕಟ್ಟಿ ಅಂದ್ರು. ರೈತನ ಕೈಯಲ್ಲಿ ಭತ್ತ ಇರುತ್ತೆ, ದುಡ್ಡು ಎಲ್ಲಿಂದ ತರ್ತಾನೆ? ಕಚೇರಿಗೆ ಕಾಗದ ಇತ್ತು, ಸೀಲ್ ಇತ್ತು, ಸಿಪಾಯಿ ಇದ್ದ, ನಂಬಿಕೆ ಇರಲಿಲ್ಲ.

1837ರಲ್ಲಿ ಏನಾಯ್ತು ಗೊತ್ತಲ್ಲ. ಕಲ್ಯಾಣಸ್ವಾಮಿ ಬಂದಿದ್ದಾರೆ, ಹಾಲೇರಿ ರಕ್ತ ಅಂತ ಸುದ್ದಿ ಆಯ್ತು. ಆ ಹೆಸರಲ್ಲಿ ನಿಂತೋರು ಪುಟ್ಟಬಸಪ್ಪ. ಹೆಸರೇ ಸಾಕಾಯ್ತು! ಜನ ಎದ್ದು ಸುಳ್ಯದಿಂದ ಮಂಗಳೂರ ತನಕ ಇಳಿದು ಹೋದ್ರು, ಊರನ್ನ ಹಿಡಿದ್ರು. ಆಮೇಲೆ ಸೋತ್ರು, ಅದೂ ಗೊತ್ತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಅದೇ ವರ್ಷ ಅಕ್ಟೋಬರ್ 31ಕ್ಕೆ ಇದೇ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದ್ರು. ಅವರ ಪ್ರತಿಮೆ ಮುಂದೆ ದಿನಾ ಓಡಾಡ್ತೀವಿ. ಮಕ್ಕಳೇ, ಮುಂದಿನ ಸಲ ಅಲ್ಲಿ ಎರಡು ನಿಮಿಷ ನಿಂತು ಈ ಪ್ರಶ್ನೆ ಕೇಳ್ಕೊಳ್ಳಿ, ಈ ಜನ ಅವತ್ತು ಯಾರ ಮಾತು ಕೇಳಿದ್ರು, ಯಾಕೆ ಕೇಳಿದ್ರು.

ಇನ್ನು ಕೋವಿ. ರಾಜ್ಯ ಅಂದ್ರೇನು ಅನ್ನೋದಕ್ಕೆ ವೆಬರ್ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು, ಒಂದು ಗಡಿಯೊಳಗೆ ನ್ಯಾಯವಾಗಿ ಬಲ ಪ್ರಯೋಗಿಸೋ ಹಕ್ಕು ತನಗೊಬ್ಬನಿಗೇ ಅಂತ ಹೇಳಿ ಗೆಲ್ಲೋದು. ಬೇರೆ ಊರಲ್ಲಿ ಇದು ಪರೀಕ್ಷೆಗೆ ಬರೆಯೋ ಉತ್ತರ, ಇಲ್ಲಿ ಹಾಗಲ್ಲ, ನಮ್ಮ ಗೋಡೆ ಮೇಲೆ ಕೋವಿ ಇದೆ. ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಅದಕ್ಕೆ ಪೂಜೆ ಮಾಡ್ತೀವಿ. ಕೊಡವರಿಗೆ, ಜಮ್ಮಾ ಹಿಡುವಳಿ ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮೀನು ಇರೋರಿಗೆ ಕೋವಿ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ 1861ರಿಂದ ಬಂದಿದ್ದು, 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸ್ತು. ಹಾಗಾದ್ರೆ ವೆಬರ್ ಮಾತು ಇಲ್ಲಿ ಸುಳ್ಳಾಯ್ತಾ ಅಂತ ಒಬ್ಬ ಹುಡುಗ ಕ್ಲಾಸಲ್ಲಿ ಕೇಳಿದ್ದ. ಒಳ್ಳೆ ಪ್ರಶ್ನೆ ಕೇಳಿದೆ ಮಾರಾಯ ಅಂದೆ. ವಿನಾಯಿತಿ ಅನ್ನೋ ಪದ ನೋಡಿ, ಕೊಡೋರು ಒಬ್ರು ಇದ್ದಾರೆ, ತಾರೀಖು ಹಾಕಿದ್ದಾರೆ, ಅಂದ್ರೆ ಹಕ್ಕು ಯಾರ ಕೈಲಿದೆ ಅಂತ ಅದೇ ಹೇಳುತ್ತೆ.

ನಮ್ಮ ಮನೆ ಪಹಣಿ ಕತೆ ಹೇಳ್ದೆ ಮುಂದೆ ಹೋಗೋಕಾಗಲ್ಲ. ಪಹಣಿಯಲ್ಲಿ ನನ್ನ ಅಜ್ಜನ ಅಪ್ಪನ ಹೆಸರು ಇತ್ತು. ಜಮ್ಮಾ ಬಾಣೆ, ಅಂದ್ರೆ ಗದ್ದೆ ಜೊತೆಗಿರೋ ಮರಗಿಡದ ಗುಡ್ಡದ ಜಾಗ, ನಿಮ್ಮಲ್ಲೂ ಎಷ್ಟೋ ಜನರದ್ದು ಇದೇ ಕತೆ. ಅಪ್ಪ ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ರು. ಮರಣ ಪತ್ರ ತನ್ನಿ ಅಂದ್ರು. ಮರಣ ಪತ್ರ ಅನ್ನೋದು ಊರಲ್ಲಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಸತ್ತವರು ಅವರು. ವಂಶವೃಕ್ಷ ತನ್ನಿ ಅಂದ್ರು, ತಂದ್ರು. ಎಲ್ಲ ಪಾಲುದಾರರ ಸಹಿ ಅಂದ್ರು, ಒಬ್ರು ಮುಂಬೈ, ಒಬ್ರು ಮಿಲಿಟರಿ, ಒಬ್ರು ಮಾತೇ ಬಿಟ್ಟಿದ್ರು, ಆ ಮಾತು ಬಿಟ್ಟವರ ಮನೆಗೆ ಅಪ್ಪ ಕಿತ್ತಳೆ ಬುಟ್ಟಿ ಹೊತ್ಕೊಂಡು ಹೋಗಿ ಮೂವತ್ತು ವರ್ಷದ ಜಗಳ ಮುಗಿಸಿ ಸಹಿ ತಂದ್ರು, ಅದೊಂದು ಲಾಭ ಆಯ್ತು ಅನ್ನಿ. ಅಷ್ಟೆಲ್ಲ ತಗೊಂಡು ಹೋದ್ರೆ ಆ ಟೇಬಲ್‌ನ ಗುಮಾಸ್ತರು, ಕೆಟ್ಟ ಮನುಷ್ಯ ಅಲ್ಲ, ಅಪ್ಪನ್ನ ಕೂರಿಸಿ ನೀರು ಕೊಟ್ಟು ಹೇಳಿದ್ರಂತೆ, ಅಣ್ಣ, ನೀವು ಹೇಳೋದೆಲ್ಲ ಸರಿ, ಆದ್ರೆ ಇದಕ್ಕೆ ಕಂಪ್ಯೂಟರಲ್ಲಿ ಕಾಲಂ ಇಲ್ಲ.

ಕಾಲಂ ಇಲ್ಲ! ಯಾರ ಮೇಲೂ ಸಿಟ್ಟಿಲ್ಲದೆ, ಯಾರ ಮೇಲೂ ಮಮತೆ ಇಲ್ಲದೆ ಕೆಲಸ ಮಾಡೋದೇ ಅಧಿಕಾರಶಾಹಿಯ ಶಕ್ತಿ ಅಂತ ವೆಬರ್ ತೋರಿಸಿದ್ರು. ಅದು ಸಣ್ಣ ವಿಷಯ ಅಲ್ಲ, ಬಡವನಿಗೂ ಸಾಹುಕಾರನಿಗೂ ಒಂದೇ ಫಾರಂ ಬಂದಿದ್ದು ಹಾಗೇ. ಜೊತೆಗೆ ಅದು ಗಟ್ಟಿ ಕವಚದ ಹಾಗೆ ನಮ್ಮನ್ನ ಸುತ್ಕೊಳ್ಳುತ್ತೆ ಅಂತ್ಲೂ ಅವರಿಗೆ ಭಯ ಇತ್ತು. ನೂರು ವರ್ಷ ಆಯ್ತು, ಅಪ್ಪ ಆ ಭಯದ ಮುಂದೆ ಕೂತು ನೀರು ಕುಡಿದು ಬಂದ್ರು.

ಆದ್ರೆ ವೆಬರ್ ಎಡವಿದ್ದೂ ಇಲ್ಲೇ, ಅದನ್ನ ಮುಚ್ಚಿಡಬಾರದು. ಗುಮಾಸ್ತರ ಆಳ್ವಿಕೆ ತಡೆಯೋಕೆ ಜನರೇ ನೇರವಾಗಿ ಆರಿಸಿದ ಗಟ್ಟಿ ನಾಯಕ ಬೇಕು ಅಂದ್ರು, ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿ ಬರೆದ ವೈಮಾರ್ ಸಂವಿಧಾನದ ಚರ್ಚೆಯಲ್ಲಿ ಅಂಥ ಅಧ್ಯಕ್ಷನ ಪರ ವಾದ ಮಾಡಿದ್ರು. 1925ರಲ್ಲಿ ಹಾಗೆ ಗೆದ್ದ ಹಿಂಡೆನ್‌ಬರ್ಗ್ 1933ರಲ್ಲಿ ಹಿಟ್ಲರ್‌ನ ಚಾನ್ಸಲರ್ ಮಾಡಿದ್ರು. ಅದನ್ನ ನೋಡೋಕೆ ವೆಬರ್ ಇರಲಿಲ್ಲ. ವರ್ಚಸ್ಸಿನ ಅಪಾಯ ಅಷ್ಟು ಚೆನ್ನಾಗಿ ಗೊತ್ತಿದ್ದವರೇ ಅದನ್ನ ನಂಬಿದ್ರಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತೆ.

ಚೀಟಿ ಬಂತು, ಐದು ನಿಮಿಷ ಅಂತೆ. ವೆಬರ್ ಮಾಡಿದ ಮ್ಯೂನಿಕ್ ಭಾಷಣದ ಬಗ್ಗೆ ಅರ್ಧ ಗಂಟೆ ಇಟ್ಕೊಂಡಿದ್ದೆ, ಹೋಗ್ಲಿ. 1919ರ ಜನವರಿ 28, ಒಂದು ಪುಸ್ತಕದಂಗಡಿಯ ಹಾಲ್, ಮುಂದೆ ವಿದ್ಯಾರ್ಥಿಗಳು, ಎರಡು ವಾರದ ಹಿಂದಷ್ಟೇ ಬರ್ಲಿನ್‌ನಲ್ಲಿ ಎಡಪಂಥದ ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್ ಕೊಲೆ ಆಗಿತ್ತು. ಆ ಬಿಸಿಯಲ್ಲಿ ನಿಂತು ವೆಬರ್ ಹೇಳಿದ್ದು, ರಾಜಕೀಯಕ್ಕೆ ಇಳಿದವನಿಗೆ ಮನಸ್ಸು ಶುದ್ಧ ಇದ್ರೆ ಸಾಲದು, ಮಾಡಿದ್ದರ ಪರಿಣಾಮಕ್ಕೆ ಅವನೇ ಹೊಣೆ ಹೊರಬೇಕು ಅಂತ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದು ನೋಡಿದವರು ಈ ಹಾಲಲ್ಲೇ ಇದ್ದೀರಿ. ಮಳೆ ಜೋರಿತ್ತು, ನಿಜ. ಇಳಿಜಾರು ಕಡಿಯೋಕೆ ಒಪ್ಪಿಗೆ ಕೊಡೋ ಪ್ರತಿ ಸಹಿಯ ಮುಂದೆ ಈ ಮಾತನ್ನ ಇಡಬೇಕು ಅಂತ ನನ್ನ ಆಸೆ, ಸಹಿ ಹಾಕಿದವರು ಟ್ರಾನ್ಸ್‌ಫರ್ ಆಗಿ ಹೋಗ್ತಾರೆ, ಗುಡ್ಡದ ಕೆಳಗಿನ ಮನೆಯವರು ಎಲ್ಲಿ ಹೋಗ್ತಾರೆ?

ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗೆ ಟೈಮ್ ಬೇಕು. ಹಿಂದಿನ ಸಾಲಲ್ಲಿ ಆಗ್ಲಿಂದ ಒಬ್ಬ ಅಣ್ಣ ಕೈ ಎತ್ತಿದ್ದಾರೆ, ಕೋವಿ ವಿಷಯ ಇರ್ಬೇಕು, ಮೈಕ್ ಅವರಿಗೆ ಕೊಡಿ.