ಎಡಕ್ಕೆ ಹೊಡೆಯುವ ಏರ್‌ಗನ್

ಕೇಳುಗರಿಗೆ ನಮಸ್ಕಾರ.

ನಮ್ಮ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಚಿಕ್ಕಂದಿನಲ್ಲಿ ನಾನು ತೊಟ್ಟಿಲು, ಮಿಠಾಯಿ, ಬಳೆ ಅಂಗಡಿ ಎಲ್ಲವನ್ನೂ ದಾಟಿ ಓಡುತ್ತಿದ್ದದ್ದು ಬಲೂನು ಹೊಡೆಯುವ ಅಂಗಡಿಗೆ. ಹಲಗೆಯ ಮೇಲೆ ಸಾಲಾಗಿ ಬಣ್ಣಬಣ್ಣದ ಬಲೂನು. ಮುಂದೆ ಹಗ್ಗ ಕಟ್ಟಿ ಇಟ್ಟ ಹಳೆಯ ಏರ್‌ಗನ್. ನನ್ನ ಮೊದಲ ಮೂರು ಗುಂಡುಗಳೂ ಹಲಗೆಗೆ ಬಡಿದವು. ಅಳು ಬರುವ ಹಾಗಾಯಿತು. ಪಕ್ಕದಲ್ಲಿ ನಿಂತಿದ್ದ ಸೋದರಮಾವ ಬಗ್ಗಿ ಕಿವಿಯಲ್ಲಿ ಹೇಳಿದರು: "ತಮ್ಮಾ, ಈ ಗನ್ನು ಎಡಕ್ಕೆ ಹೊಡೆಯುತ್ತೆ. ಬಲೂನಿನ ಬಲ ಅಂಚಿಗೆ ಗುರಿ ಇಡು." ಹಾಗೇ ಮಾಡಿದೆ. ಬಲೂನು ಒಡೆಯಿತು. ಮತ್ತೊಂದು ಒಡೆಯಿತು. ಆಮೇಲೆ ಮತ್ತೊಂದು.

ಆ ಗನ್ನು ಕೆಟ್ಟದ್ದು ಎಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಪ್ರತಿ ಸಲವೂ ಅಷ್ಟೇ ಎಡಕ್ಕೆ ಹೊಡೆಯುವ ಗನ್ನು ಒಳ್ಳೆಯ ಗನ್ನು. ಅದರ ಗುರಿಪಟ್ಟಿಯನ್ನು, ಅಂದರೆ ಗುರಿ ನೋಡುವ ಸೈಟನ್ನು, ಒಂಚೂರು ತಿರುಗಿಸಿದರೆ ಕೆಲಸ ಮುಗಿಯಿತು. ಒಂದು ಸಲ ಎಡಕ್ಕೆ, ಒಂದು ಸಲ ಮೇಲಕ್ಕೆ, ನಾಳೆ ಇನ್ನೆಲ್ಲಿಗೋ ಹೊಡೆಯುವ ಗನ್ನಿಗೆ ಮಾತ್ರ ಮದ್ದಿಲ್ಲ.

ನಾನು ಮಕ್ಕಳಿಗೆ 10 ಮೀಟರ್ ಏರ್ ರೈಫಲ್ ಹೇಳಿಕೊಡುತ್ತೇನೆ. ಹೊಸ ರೈಫಲ್ ಯಾವುದಾದರೂ ಕೈಗೆ ಬಂದರೆ ಅದನ್ನು ಹೊಡೆದು ನೋಡಿ, ಹೇಗಿದೆ ಎಂದು ಬರೆದು ಕೊಡುತ್ತೇನೆ. ಅಪ್ಪ ಅಮ್ಮಂದಿರು ಅದನ್ನು ಓದಿ ದುಡ್ಡು ಹಾಕುತ್ತಾರೆ. ಹಾಗಾಗಿ ಹೊಸ ರೈಫಲ್ ಪರೀಕ್ಷೆ ಮಾಡುವಾಗ ಯಾವುದು ಮುಖ್ಯ ಅನ್ನುವುದನ್ನು ಇವತ್ತು ನಿಮ್ಮ ಜೊತೆ ಮಾತಾಡಬೇಕು ಅನ್ನಿಸಿತು.

ಮೊದಲು ಡಬ್ಬಿಯ ಮೇಲಿನ ಅಂಕಿ. ಸೆಕೆಂಡಿಗೆ 1,000 ಅಡಿ ವೇಗ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಹುಡುಗರ ಕಣ್ಣು ಮೊದಲು ಬೀಳುವುದೇ ಅಲ್ಲಿ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳಗಲ 0.177 ಇಂಚು ಇರುವ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಸ್ಪರ್ಧೆಯಲ್ಲಿ ಬಳಸುವ ಪೆಲೆಟ್ಟಿನ, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡಿನ, ತೂಕ ಸುಮಾರು 0.53 ಗ್ರಾಂ. ಆ ಪೆಲೆಟ್ಟಿಗೆ 20 ಜೂಲ್ ಪೂರ್ತಿ ಕೊಟ್ಟರೂ ವೇಗ ಸೆಕೆಂಡಿಗೆ ಸುಮಾರು 275 ಮೀಟರ್, ಅಂದರೆ 900 ಅಡಿ. ಹಾಗಾದರೆ 1,000 ಅಡಿ ಎಲ್ಲಿಂದ ಬಂತು? ಒಂದೋ ತೀರಾ ಹಗುರವಾದ ಪೆಲೆಟ್ ಹಾಕಿ ಅಳೆದಿದ್ದಾರೆ, ಇಲ್ಲವೇ ರೈಫಲ್ 20 ಜೂಲಿನ ಗೆರೆ ದಾಟಿದೆ. ಎರಡರಲ್ಲಿ ಯಾವುದೇ ಆದರೂ ಕೊಳ್ಳುವವರಿಗೆ ಹೇಳಬೇಕಲ್ವಾ?

ಒಲಿಂಪಿಕ್ಸ್‌ನಲ್ಲಿ ಹೊಡೆಯುವ ರೈಫಲ್‌ಗಳ ವೇಗ ಎಷ್ಟು ಗೊತ್ತೇ? ಸೆಕೆಂಡಿಗೆ ಬರೀ 170 ಮೀಟರ್ ಆಸುಪಾಸು. ಶಕ್ತಿ ಏಳೂವರೆ ಜೂಲ್. ಲಕ್ಷಗಟ್ಟಲೆ ಬೆಲೆಯ ರೈಫಲ್, ಹುಡುಗರು ಕುಣಿದಾಡುವ ಅಂಕಿಯ ಹತ್ತಿರವೂ ಅದು ಹೋಗುವುದಿಲ್ಲ. ಹೋಗಬೇಕಾದ ಅಗತ್ಯವೇ ಇಲ್ಲ. 10 ಮೀಟರ್ ದೂರದಲ್ಲಿ ಇರುವ ಗುರಿಹಾಳೆಯ ನಡುವಿನ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಪೆನ್ನಿನ ಮೊನೆ ಒತ್ತಿದ ಹಾಗೆ. ಅಲ್ಲಿಗೆ ಬೇಕಾದದ್ದು ಜೋರಲ್ಲ, ಒಂದೇ ಹದ.

ಆ ಹದ ಏಕೆ ಬೇಕು ಎಂದು ಮಕ್ಕಳಿಗೆ ನಾನು ಹೀಗೆ ತೋರಿಸುತ್ತೇನೆ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಕೆಳಗೆ ಇಳಿದಿರುತ್ತದೆ. ಅದನ್ನು ಗುರಿಪಟ್ಟಿ ಸರಿದೂಗಿಸುತ್ತದೆ. ಮುಂದಿನ ಪೆಲೆಟ್ 165 ಮೀಟರ್ ವೇಗದಲ್ಲಿ ಹೊರಟರೆ 18 ಮಿಲಿಮೀಟರ್ ಇಳಿಯುತ್ತದೆ. ಒಂದು ಮಿಲಿಮೀಟರ್ ಹೆಚ್ಚು, ಅಷ್ಟೇ. ಆದರೆ ಸ್ಪರ್ಧೆಯಲ್ಲಿ ಹತ್ತನೇ ಒಂದು ಅಂಕಕ್ಕೆ ಕಾಲು ಮಿಲಿಮೀಟರ್ ಲೆಕ್ಕ. ಒಂದು ಮಿಲಿಮೀಟರಿಗೆ 0.4 ಅಂಕ ಹೋಯಿತು. ಮಗು ಉಸಿರು ಹಿಡಿದು, ಗುರಿ ಸರಿಯಾಗಿ ಇಟ್ಟು, ಟ್ರಿಗರ್ ಮೆಲ್ಲಗೆ ಒತ್ತಿದೆ. ತಪ್ಪು ಮಾಡಿದ್ದು ರೈಫಲ್. ಮಗು ಮಾತ್ರ ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

2008ರ ಬೀಜಿಂಗ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಕೊನೆಯ ಗುಂಡಿಗೆ ಮುಂಚೆ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮ. ಬಿಂದ್ರಾ 10.8 ಹೊಡೆದರು. ಹಕ್ಕಿನೆನ್ 9.7. ಚಿನ್ನ ಗೆದ್ದ ಬಿಂದ್ರಾಗೆ ಒಟ್ಟು 700.5 ಅಂಕ, ಬೆಳ್ಳಿ ಪಡೆದ ಚೀನಾದ ಝು ಚಿನಾನ್‌ಗೆ 699.7. ಎಪ್ಪತ್ತು ಗುಂಡು ಹೊಡೆದ ಮೇಲೆ ಒಂದು ಅಂಕದಷ್ಟೂ ಅಂತರ ಇರಲಿಲ್ಲ. ಎಪ್ಪತ್ತನೇ ಗುಂಡಿನಲ್ಲೂ ಮೊದಲನೆಯದರ ಹಾಗೇ ನಡೆದುಕೊಳ್ಳುವ ರೈಫಲ್ ಕೈಯಲ್ಲಿದ್ದರೆ ಮಾತ್ರ ಇಂಥ ಆಟ ಆಡಬಹುದು.

ಈಗ ನನ್ನಿಂದಾದ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸ್ಪ್ರಿಂಗ್ ರೈಫಲ್ ಪರೀಕ್ಷೆಗೆ ಬಂತು. ನಳಿಗೆಯನ್ನು ಬಗ್ಗಿಸಿ ಪೆಲೆಟ್ ಹಾಕುವ ಥರದ್ದು. ಒಂದು ಮಧ್ಯಾಹ್ನ ಕೂತು ಐದು ಹೊಡೆದೆ. ಐದೂ ಒಂದು ಬಟಾಣಿ ಕಾಳಿನಷ್ಟು ಜಾಗದಲ್ಲಿ ಕೂತವು. ಖುಷಿಯಾಯಿತು. ಚೆನ್ನಾಗಿದೆ, ಕೊಳ್ಳಬಹುದು ಎಂದು ಬರೆದುಬಿಟ್ಟೆ. ನಮ್ಮ ರೇಂಜಿಗೆ ಬರುತ್ತಿದ್ದ ಒಬ್ಬ ಹುಡುಗನ ಅಪ್ಪ ಆಟೋ ಓಡಿಸುತ್ತಿದ್ದರು. ನನ್ನ ಮಾತು ನಂಬಿ ಅದೇ ರೈಫಲ್ ತಂದರು. ಎರಡು ಡಬ್ಬಿ ಪೆಲೆಟ್ ಖರ್ಚಾಗುವಷ್ಟರಲ್ಲಿ ನಳಿಗೆಯ ಕೀಲು ಸಡಿಲವಾಗಿತ್ತು. ಬಟಾಣಿಯಷ್ಟಿದ್ದ ಗುಂಪು ನಿಂಬೆಹಣ್ಣಿನಷ್ಟಾಗಿತ್ತು. ಆ ಹುಡುಗ ಬಂದು, "ಸರ್, ನನ್ನ ಕೈ ನಡುಗ್ತಾ ಇದೆ ಅನ್ಸುತ್ತೆ" ಅಂದ. ಅವನ ಕೈ ಕಲ್ಲಿನ ಹಾಗೆ ಸ್ಥಿರವಾಗಿತ್ತು. ರೈಫಲ್ ಇಸಿದುಕೊಂಡು ನಳಿಗೆ ಅಲುಗಿಸಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಐದು ಗುಂಡಿನ ಗುಂಪು ಏನನ್ನೂ ಹೇಳುವುದಿಲ್ಲ ಎಂದು ಅವತ್ತು ಕಲಿತೆ. ಐದು ಒಟ್ಟಿಗೆ ಕೂರುವುದು ಅದೃಷ್ಟವೂ ಇರಬಹುದು. ಅದೇ ಹಾಳೆಯ ಮೇಲೆ ಆರನೆಯದನ್ನು, ಏಳನೆಯದನ್ನು ಹೊಡೆಯುತ್ತಾ ಹೋದರೆ ಗುಂಪು ಅಗಲವಾಗಬಹುದೇ ಹೊರತು ಕಿರಿದಾಗುವುದಿಲ್ಲ. ಈಗ ನಾನು ಹತ್ತು ಗುಂಡಿನ ಗುಂಪುಗಳನ್ನೇ ಹೊಡೆಯುತ್ತೇನೆ. ಎಲ್ಲ ಹಾಳೆಗಳನ್ನೂ ಇಟ್ಟುಕೊಳ್ಳುತ್ತೇನೆ. ಚೆನ್ನಾಗಿ ಬಂದದ್ದನ್ನು ಮಾತ್ರ ತೋರಿಸಿ ಉಳಿದದ್ದನ್ನು ಬುಟ್ಟಿಗೆ ಎಸೆಯುವುದು ಮೋಸ. ಬರೆಯುವಾಗ ಎಲ್ಲಕ್ಕಿಂತ ಕೆಟ್ಟ ಗುಂಪಿನ ಅಳತೆಯನ್ನೇ ಮೊದಲು ಬರೆಯುತ್ತೇನೆ. ಒಂದು ರೈಫಲ್‌ಗೆ ಕಡಿಮೆ ಅಂದರೂ 500 ಪೆಲೆಟ್, ಒಂದು ಇಡೀ ಡಬ್ಬಿ. ಅದನ್ನೂ ಒಂದೇ ದಿನ ಅಲ್ಲ. ಮಳೆಯ ದಿನ, ಬಿಸಿಲಿನ ದಿನ, ಬೆಳಗ್ಗೆ, ಸಂಜೆ.

ಹೊಸ ಸ್ಪ್ರಿಂಗ್ ರೈಫಲ್‌ನ ಮೊದಲ ಐವತ್ತು, ನೂರು ಗುಂಡನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ರೈಫಲ್ ಒಳಗೆ ಸ್ಪ್ರಿಂಗು ಪಿಸ್ಟನ್ ತಳ್ಳಿ ಗಾಳಿಯನ್ನು ಒತ್ತುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆಗುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಆ ಬಿಸಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಹೊಸ ಗನ್ನಿನ ಬಾಯಲ್ಲಿ ಹೊಗೆ, ಕಮಟು ವಾಸನೆ, ಜೋರು ಸದ್ದು. ಆಗ ವೇಗವೂ ಏರಿಳಿಯುತ್ತದೆ. ಆ ಎಣ್ಣೆ ಉರಿದು ಮುಗಿದ ಮೇಲೆ ಗನ್ನಿನ ನಿಜವಾದ ಸ್ವಭಾವ ಕಾಣುತ್ತದೆ.

ಸ್ಪ್ರಿಂಗ್ ರೈಫಲ್‌ಗೆ ಇನ್ನೊಂದು ಗುಣ ಇದೆ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಗನ್ನು ಹಿಂದೆ ಸರಿಯುತ್ತದೆ. ಪಿಸ್ಟನ್ ಹೋಗಿ ನಿಂತಾಗ ಗನ್ನು ಮುಂದೆ ಜಿಗಿಯುತ್ತದೆ. ಇದರಲ್ಲಿ ಹೆಚ್ಚಿನ ಅಲುಗಾಟ ಪೆಲೆಟ್ ನಳಿಗೆ ಬಿಡುವ ಮೊದಲೇ ಆಗಿಹೋಗುತ್ತದೆ. ಬಿಗಿಯಾಗಿ ಹಿಡಿದರೆ ಒಂದು ಕಡೆ ಹೋಗುತ್ತದೆ, ಸಡಿಲವಾಗಿ ಹಿಡಿದರೆ ಇನ್ನೊಂದು ಕಡೆ. ಹಾಗಾಗಿ ಅಂಗೈ ಮೇಲೆ ಸುಮ್ನೆ ಕೂರಿಸಿದ ಹಾಗೆ ಹಿಡಿದು, ಅದು ತನ್ನಷ್ಟಕ್ಕೆ ಅಲುಗಲು ಬಿಡಬೇಕು. ಕೂತ ಮಗುವಿನ ಬೆನ್ನಿಗೆ ಕೈ ಆನಿಸಿದ ಹಾಗೆ. ಮರಳುಚೀಲದ ಮೇಲೆ ಗಟ್ಟಿಯಾಗಿ ಒತ್ತಿ ಹೊಡೆದು, ಈ ರೈಫಲ್ ಸರಿಯಿಲ್ಲ ಎಂದು ಬರೆಯುವವರನ್ನು ನೋಡಿದ್ದೇನೆ. ಅದು ಅನ್ಯಾಯ. ಹೇಗೆ ಹಿಡಿದೆ ಎಂದು ಹೇಳದೆ ಗುಂಪಿನ ಅಳತೆ ಹೇಳಬಾರದು.

ಇನ್ನು ಪೆಲೆಟ್. ಏರ್ ರೈಫಲ್ ಪೆಲೆಟ್ ನೋಡಿದವರಿಗೆ ಗೊತ್ತು, ಅದು ಪುಟ್ಟ ಡಮರುವಿನ ಹಾಗೆ ಇರುತ್ತದೆ. ನಡುವೆ ಸೊಂಟ, ಹಿಂದೆ ಪೊಳ್ಳು ಲಂಗ. ಗಾಳಿ ಆ ಲಂಗವನ್ನು ಅರಳಿಸಿ ನಳಿಗೆಗೆ ಕಚ್ಚಿಸುತ್ತದೆ. ತಲೆಯ ಅಳತೆ 4.49, 4.50, 4.51 ಮಿಲಿಮೀಟರ್ ಹೀಗೆ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಸಿಗುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ಪೆಲೆಟ್ ಇಷ್ಟಪಡಬಹುದು. ಒಂದೇ ಥರದ ಪೆಲೆಟ್ ಹೊಡೆದು ರೈಫಲ್ ಬಗ್ಗೆ ತೀರ್ಪು ಕೊಡುವುದು ಒಂದೇ ಊಟ ಬಡಿಸಿ ಮಗುವಿಗೆ ಹಸಿವಿಲ್ಲ ಅಂದ ಹಾಗೆ. ನಾನು ನಾಲ್ಕೈದು ಬಗೆ ನೋಡುತ್ತೇನೆ. ನಗ್ಗಿದ್ದನ್ನು ಆರಿಸಿ ತೆಗೆಯುತ್ತೇನೆ.

ರೈಫಲ್ ಯಾರಿಗೆ ಅನ್ನುವುದನ್ನೂ ಮರೆಯುವ ಹಾಗಿಲ್ಲ. ಸ್ಪರ್ಧೆಯಲ್ಲಿ ರೈಫಲ್ ತೂಕ 5.5 ಕಿಲೋ ದಾಟಬಾರದು. ಹನ್ನೆರಡು ವರ್ಷದ ಹುಡುಗಿಗೆ ಅದರ ಹತ್ತಿರದ ತೂಕವೂ ಭಾರವೇ. ಹಿಡಿಯ ಉದ್ದ ಜಾಸ್ತಿ ಇದ್ದರೆ ಅವಳು ಸೊಂಟ ತಿರುಚಿ ನಿಲ್ಲುತ್ತಾಳೆ. ಕೆನ್ನೆ ಒಂದೇ ಕಡೆ ಕೂರದಿದ್ದರೆ ಕಣ್ಣು ಒಂದೊಂದು ಸಲ ಒಂದೊಂದು ಕಡೆಯಿಂದ ನೋಡುತ್ತದೆ. ರೈಫಲ್ ಒಂದೇ ಥರ ಹೊಡೆದರೂ ಅವಳಿಗೆ ಒಂದೇ ಥರ ಹೊಡೆಯಲು ಆಗುವುದಿಲ್ಲ. ನನ್ನದು ಐದೂ ಮುಕ್ಕಾಲು ಅಡಿ ಮೈಕಟ್ಟು. ಹಾಗಾಗಿ ರೇಂಜಿನ ಗಿಡ್ಡ ಮಕ್ಕಳ ಕೈಯಲ್ಲೂ ಹೊಡೆಸಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತೇನೆ. ಟ್ರಿಗರ್ ಬಗ್ಗೆ ಮಕ್ಕಳ ಬೆರಳು ನನ್ನ ಬೆರಳಿಗಿಂತ ನಿಜ ಹೇಳುತ್ತದೆ.

ಸುರಕ್ಷತೆಯನ್ನು ನಾನು ಅಂಕಿಗಳ ಜೊತೆ ಬೆರೆಸುವುದಿಲ್ಲ. ಅದರಲ್ಲಿ ಸೋತರೆ ಪರೀಕ್ಷೆ ಅಲ್ಲೇ ನಿಲ್ಲುತ್ತದೆ. ನಳಿಗೆ ಬಗ್ಗಿಸಿ ಪೆಲೆಟ್ ಹಾಕುವಾಗ ಟ್ರಿಗರ್ ತಪ್ಪಿದರೆ ನಳಿಗೆ ಬಾಗಿಲಿನ ಹಾಗೆ ಬಡಿದು ಮುಚ್ಚುತ್ತದೆ, ಬೆರಳು ಹೋಗುತ್ತದೆ. ಅದಕ್ಕೆ ಒಳಗೇ ಒಂದು ತಡೆ ಇರಬೇಕು. ಇದ್ದರೂ ಇನ್ನೊಂದು ಕೈ ನಳಿಗೆಯ ಮೇಲೇ ಇರಬೇಕು. ಗಾಳಿ ತುಂಬಿಸುವ ಸಿಲಿಂಡರಿನ ರೈಫಲ್ ಆದರೆ ಒಳಗಿನ ಒತ್ತಡ ಸಾಮಾನ್ಯವಾಗಿ 200 ಬಾರ್ ಇರುತ್ತದೆ. ಜರ್ಮನಿಯ ದೊಡ್ಡ ತಯಾರಕರು ಸಿಲಿಂಡರಿಗೆ ಹತ್ತು ವರ್ಷದ ಆಯಸ್ಸು ಕೊಡುತ್ತಾರೆ. ತಯಾರಾದ ತಿಂಗಳು, ವರ್ಷ ಅದರ ಮೇಲೇ ಕೊರೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಯವಿಟ್ಟು ಮೊದಲು ಅದನ್ನು ಓದಿ.

ಹಕ್ಕಿಯ ಮಾತೂ ಬರುತ್ತದೆ. "ಇದರಲ್ಲಿ ಪಾರಿವಾಳ ಬೀಳುತ್ತಾ ಸರ್" ಎಂದು ಕೇಳುವವರು ಇದ್ದಾರೆ. ಕಾಡುಹಕ್ಕಿ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಜನರೇ ಏರ್‌ಗನ್‌ಗಳನ್ನು ಒಪ್ಪಿಸುವ ಅಭಿಯಾನ ಶುರುವಾಯಿತು, ಹಕ್ಕಿ ಉಳಿಯಲಿ ಎಂದು. ಆ ಪ್ರಶ್ನೆಗೆ ಉತ್ತರವಾಗುವ ಒಂದು ಸಾಲನ್ನೂ ನಾನು ಬರೆಯುವುದಿಲ್ಲ.

ಆ ಆಟೋ ಅಪ್ಪನ ವಿಷಯ ಅರ್ಧಕ್ಕೇ ಬಿಟ್ಟೆ. ರೈಫಲ್ ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ನಮ್ಮೂರಿನ ಲೇತ್ ಮೆಷಿನ್ನಿನವರು ಕೀಲಿಗೆ ಹೊಸ ವಾಷರ್ ಮಾಡಿ ಕೂರಿಸಿ ಕೊಟ್ಟರು. ಅದು ಈಗ ನಮ್ಮ ರೇಂಜಿನಲ್ಲೇ ಇದೆ, ಒಂಚೂರು ಎಡಕ್ಕೆ ಹೊಡೆಯುತ್ತದೆ. ಪ್ರತಿ ಸಲವೂ ಅಷ್ಟೇ ಎಡಕ್ಕೆ. ಹೊಸ ಮಕ್ಕಳು ಬಂದಾಗ ಆ ಹುಡುಗನೇ ಅದನ್ನು ಅವರ ಕೈಗೆ ಕೊಟ್ಟು ಗುರಿಪಟ್ಟಿ ತಿರುಗಿಸುವುದನ್ನು ಕಲಿಸುತ್ತಾನೆ.

ನಮಸ್ಕಾರ.