ತೂಕದ ಹೊತ್ತಿನಲ್ಲಿ ನಂಬಿಕೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆಯಿಂದ ಇದನ್ನು ಕೇಳುತ್ತಿರುವ ಕಾಫಿ ಬೆಳೆಗಾರರಿಗೂ, ತೋಟದಲ್ಲಿ ದುಡಿಯುವವರಿಗೂ ಇವತ್ತಿನ ಮಾತು. ವಿಷಯ ದುಡಿಮೆ. ಯೇಸುಸ್ವಾಮಿಯನ್ನು ನಂಬಿದವನು ಕೆಲಸವನ್ನು ಹೇಗೆ ನೋಡಬೇಕು ಎಂಬುದು ನಮ್ಮ ಚರ್ಚುಗಳಲ್ಲಿ ಆಗಾಗ ಬರುವ ಬೋಧನೆ. ಆದರೆ ಆ ಬೋಧನೆಯಲ್ಲಿ ಅರ್ಧ ಮಾತ್ರ ನಮ್ಮ ಕಿವಿಗೆ ಬೀಳುತ್ತಿದೆ ಎಂದು ನಾನು ಬಲವಾಗಿ ನಂಬುತ್ತೇನೆ. ಬೀಳದೆ ಉಳಿದಿರುವ ಅರ್ಧ ನನ್ನಂಥ ಬೆಳೆಗಾರನಿಗೆ ಸೇರಿದ್ದು.

ಯಾವ ವಚನ ಎಂದು ನಿಮಗೆಲ್ಲ ಗೊತ್ತು. ಬೈಬಲಿನಲ್ಲಿ ಸಂತ ಪೌಲರು ಕೊಲೊಸ್ಸೆ ಊರಿನವರಿಗೆ ಬರೆದ ಪತ್ರಿಕೆ, ಮೂರನೆಯ ಅಧ್ಯಾಯ, 23ನೆಯ ವಚನ. ನೀವು ಏನೇ ಮಾಡಿದರೂ ಮನುಷ್ಯರಿಗಾಗಿ ಅಲ್ಲ, ದೇವರಿಗಾಗಿಯೇ ಎಂಬಂತೆ ಮನಸ್ಸಿಟ್ಟು ಮಾಡಿ ಎಂಬ ಮಾತು. ಈಗ ಒಂದು ವಚನ ಹಿಂದಕ್ಕೆ ಹೋಗಿ, ಅದನ್ನು ಯಾರಿಗೆ ಹೇಳಿದ್ದು ಎಂದು ನೋಡಿ. ಗುಲಾಮರಿಗೆ. ತಮ್ಮ ಮೈಯ ಮೇಲೂ ತಮಗೆ ಹಕ್ಕಿಲ್ಲದ ಜನರಿಗೆ. ಅವರಿಗೆ ಪೌಲರು ಹೇಳಿದ್ದು, ನಿಮ್ಮ ಒಡೆಯ ನೋಡುತ್ತಾನೋ ಇಲ್ಲವೋ, ನಿಮ್ಮ ಕೆಲಸವನ್ನು ನೋಡುವ ದೇವರಿದ್ದಾನೆ, ಬಾಧ್ಯತೆಯನ್ನು, ಅಂದರೆ ಮಕ್ಕಳಿಗೆ ಸಲ್ಲುವ ಆಸ್ತಿಯ ಪಾಲನ್ನು, ಕೊಡುವವನು ಅವನೇ ಎಂದು. ಆ ಕಾಲದಲ್ಲಿ ಗುಲಾಮನಿಗೆ ಬಾಧ್ಯತೆಯ ಮಾತು ಆಡುವುದೇ ದೊಡ್ಡ ಸಂಗತಿ.

ಪೌಲರು ಅಲ್ಲಿಗೆ ನಿಲ್ಲಿಸಲಿಲ್ಲ. ಒಡನೆಯೇ ಒಡೆಯರ ಕಡೆ ತಿರುಗಿ, ನಿಮ್ಮ ಸೇವಕರಿಗೆ ನ್ಯಾಯವಾದದ್ದನ್ನೂ ಸರಿಸಮವಾದದ್ದನ್ನೂ ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಒಡೆಯನಿದ್ದಾನೆ ಎಂದರು. ಈ ಮಾತು ಇರುವುದು ನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲಿ. ಪೌಲರ ಪತ್ರದಲ್ಲಿ ಅಧ್ಯಾಯಗಳೇ ಇರಲಿಲ್ಲ. ಇವತ್ತು ನಾವು ಕಾಣುವ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದಲ್ಲಿ ಆದದ್ದು. ಒಂದೇ ಉಸಿರಿನಲ್ಲಿ ಹೇಳಿದ ಮಾತಿನ ನಡುವೆ ಗೆರೆ ಬಿತ್ತು. ಮೂರನೆಯ ಅಧ್ಯಾಯ ಮುಗಿಯಿತೆಂದು ನಾವು ಪುಸ್ತಕ ಮುಚ್ಚುತ್ತೇವೆ, ಒಡೆಯನಿಗೆ ಹೇಳಿದ್ದು ಆಚೆ ಪುಟದಲ್ಲಿ ಉಳಿಯುತ್ತದೆ.

ಈ ವಚನಗಳನ್ನು ತೋಟಕ್ಕೆ ತೆಗೆದುಕೊಂಡು ಹೋಗೋಣ. ಕೊಯ್ಲಿನ ಕಾಲದಲ್ಲಿ, ಸಂಜೆ ತೂಕದ ಹೊತ್ತಿಗೆ, ಚೀಲ ಹೊತ್ತುಕೊಂಡು ಬಂದವರು ಸಾಲಾಗಿ ನಿಲ್ಲುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರು ತೂಕ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಚೀಲದ ತೂಕವೆಂದು ಇಷ್ಟು, ಎಲೆ ಕಡ್ಡಿಯೆಂದು ಇಷ್ಟು, ಹಣ್ಣು ಒದ್ದೆಯಾಗಿದೆಯೆಂದು ಇನ್ನಷ್ಟು ಕಳೆಯುವ ಪದ್ಧತಿ ಅನೇಕ ಕಡೆ ಇದೆ. ಚೀಲದ ತೂಕ ಕಳೆಯುವುದು ಸರಿ. ಆದರೆ ಅಂದಾಜಿನ ಮೇಲೆ, ದುಂಡು ಲೆಕ್ಕದಲ್ಲಿ, ಪ್ರತಿ ಸಲವೂ ದಣಿಗೆ ಅನುಕೂಲವಾಗುವಂತೆ ಕಳೆಯುವುದು ಸರಿಯಲ್ಲ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳ 11ನೆಯ ಅಧ್ಯಾಯ ಆರಂಭವಾಗುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಬರುವ ಅದೇ ಅಧ್ಯಾಯದಲ್ಲಿ, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಲಿ ಎಂಬ ಆಜ್ಞೆಯೂ ಇದೆ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳಬೇಡ ಎಂಬುದೂ ಅಲ್ಲೇ ಇದೆ. ಪ್ರೀತಿ, ಕೂಲಿ, ತಕ್ಕಡಿ ಮೂರನ್ನೂ ಒಂದೇ ಕಡೆ ಇಟ್ಟ ದೇವರ ಮುಂದೆ, ತೂಕದ ವಿಷಯ ವ್ಯವಹಾರದ್ದು, ಪ್ರಾರ್ಥನೆಯ ವಿಷಯ ಚರ್ಚಿನದು ಎಂದು ಬೇರ್ಪಡಿಸಲು ಬರುವುದಿಲ್ಲ.

ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ಇನ್ನೂ ಕಠಿಣ. ಹೊಲಗಳನ್ನು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ ಅದು. ಈ ಅಧ್ಯಾಯ ಓದಿದವನು ಬಟವಾಡೆಯನ್ನು ಒಂದು ವಾರ ಮುಂದಕ್ಕೆ ಹಾಕುವ ಮೊದಲು ಹತ್ತು ಸಲ ಯೋಚಿಸುತ್ತಾನೆ.

ನನ್ನ ಮನಸ್ಸನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಅರೇಬಿಕಾ ಜಾತಿಯ ಕಾಫಿಯ ಕೊಯ್ಲು ನಾಜೂಕಿನ ಕೆಲಸ. ಗೊಂಚಲಿನಲ್ಲಿ ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು, ಕಾಯಿಯನ್ನು ಮುಂದಿನ ಸುತ್ತಿಗೆ ಬಿಡಬೇಕು, ರೆಂಬೆ ಸೀಳಬಾರದು. ಕಾಯಿ ಬೆರೆತರೆ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಸಿಪ್ಪೆ ತೆಗೆದು ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟಿನ, ಗುಣ ಕೆಡುತ್ತದೆ. ಇದೆಲ್ಲ ಬೆಳೆಗಾರರಿಗೆ ಗೊತ್ತು. ಆದರೆ ಕೂಲಿ ಕೊಡುವುದು ಹೇಗೆ? ಕೊಯ್ಲಿನಲ್ಲಿ ಬಹಳ ಕಡೆ ಕಿಲೋ ಲೆಕ್ಕ. ಒಂದೊಂದೇ ಹಣ್ಣು ನೋಡಿ ಬಿಡಿಸಿದ ಹೆಂಗಸಿನ ಚೀಲ ಹಗುರ. ಹಸಿರು, ಕೆಂಪು ಎನ್ನದೆ ಇಡೀ ಗೊಂಚಲನ್ನು ಎಳೆದವನ ಚೀಲ ಭಾರ. ಮನಸ್ಸಿಟ್ಟು ಮಾಡಿದವಳಿಗೆ ಕಡಿಮೆ ಹಣ, ಕಣ್ಣು ಮುಚ್ಚಿ ಮಾಡಿದವನಿಗೆ ಹೆಚ್ಚು ಹಣ. ಆ ಹೆಂಗಸಿಗೆ ಭಾನುವಾರ ಚರ್ಚಿನಲ್ಲಿ, ದೇವರಿಗಾಗಿ ಮಾಡಿದಂತೆ ಮಾಡಮ್ಮ ಎಂದು ಹೇಳುತ್ತೇವೆ. ಅವಳು ಹಾಗೆ ಮಾಡಿದರೆ ಸಂತೆಯ ದಿನ ಅವಳ ಕೈಯಲ್ಲಿ ದುಡ್ಡು ಕಡಿಮೆ ಇರುತ್ತದೆ. ಅವಳ ಮನಸ್ಸಾಕ್ಷಿಗೆ ದಂಡ ಹಾಕುತ್ತಿರುವುದು ನಾವು ಮಾಡಿಟ್ಟ ಲೆಕ್ಕ.

ಆದ್ದರಿಂದ ನಾನು ಹೇಳುವುದಿಷ್ಟು. ಆಳುಗಳಿಂದ ಪ್ರಾಮಾಣಿಕ ಕೆಲಸ ಬಯಸುವ ಕ್ರೈಸ್ತ ಬೆಳೆಗಾರ, ಪ್ರಾಮಾಣಿಕತೆಗೆ ನಷ್ಟವಾಗದ ಹಾಗೆ ಕೂಲಿಯನ್ನು ಕಟ್ಟಬೇಕು. ಹಣ್ಣು ಮಾತ್ರ ಬಿಡಿಸಿದ ಚೀಲಕ್ಕೆ ಬೇರೆ ದರ ಇಡಬಹುದು. ಮೊದಲ ಸುತ್ತಿಗೆ ದಿನಗೂಲಿ ಕೊಡಬಹುದು. ತೂಕದ ಅಂಕಿಗಳು ಹೊತ್ತು ತಂದವನಿಗೂ ಕಾಣುವಂತೆ ಯಂತ್ರವನ್ನು ತಿರುಗಿಸಿ ಇಡುವುದಕ್ಕೆ ಖರ್ಚೇ ಇಲ್ಲ.

ಉದುರು ಹಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕೊಯ್ಲು ಮಾಡುವಾಗ ಬಿದ್ದ ತೆನೆಗಳನ್ನು ಆರಿಸಬೇಡ, ಬಡವನಿಗೂ ಪರದೇಶಿಗೂ ಬಿಡು ಎನ್ನುತ್ತದೆ ಯಾಜಕಕಾಂಡ. ಕಾಫಿಯಲ್ಲಿ ಅದನ್ನು ಅಕ್ಷರಶಃ ಪಾಲಿಸಲಾಗದು. ನೆಲದ ಮೇಲೆ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಮನೆ ಮಾಡಿ ಮುಂದಿನ ಫಸಲಿಗೆ ಏರುತ್ತದೆ, ಹೆಕ್ಕಲೇಬೇಕು. ಹಾಗಾದರೆ ಆ ಆಜ್ಞೆಯನ್ನು ಬೇರೆ ರೀತಿಯಲ್ಲಿ ಪಾಲಿಸಬೇಕು. ದಿನವಿಡೀ ಬಗ್ಗಿ ಹೆಕ್ಕಿದರೂ ತೂಕ ಬಾರದ ಈ ಕೆಲಸಕ್ಕೆ ಸಾಮಾನ್ಯವಾಗಿ ವಯಸ್ಸಾದ ಹೆಂಗಸರನ್ನು ಹಚ್ಚುತ್ತೇವೆ. ಬೈಬಲಿನ ರೂತಳ ಕಥೆಯಲ್ಲಿ ಹೊಲದ ಒಡೆಯ ಬೋವಜ ಹಕ್ಕಲಾಯುವ ರೂತಳಿಗಾಗಿ ಧಾನ್ಯದ ಪಾಲು ಬಿಟ್ಟಂತೆ, ನಾವು ಈ ಕೆಲಸಕ್ಕೆ ಧಾರಾಳವಾಗಿ ದಿನಗೂಲಿ ಕೊಟ್ಟರೆ ಬಡವರ ಪಾಲು ಬಡವರಿಗೆ ಮುಟ್ಟಿತು.

ಹಾಗೆಂದು ಕೆಲಸ ಮಾಡುವವನ ಹೊಣೆ ಕಡಿಮೆಯೇನಲ್ಲ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ಸಾಗುಮಾಡಿ ಕಾಯುವುದಕ್ಕೆ. ಇದು ಎರಡನೆಯ ಅಧ್ಯಾಯದ ಮಾತು. ಪಾಪ, ಬೆವರು, ಮುಳ್ಳು ಇವೆಲ್ಲ ಬಂದದ್ದು ಮೂರನೆಯ ಅಧ್ಯಾಯದಲ್ಲಿ. ದುಡಿಮೆ ಶಿಕ್ಷೆಯಾಗಿ ಹುಟ್ಟಿದ್ದಲ್ಲ. ಯೇಸುಸ್ವಾಮಿಯನ್ನು ಊರಿನವರು ಗುರುತಿಸಿದ್ದು ಬಡಗಿಯೆಂದೇ. ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದರು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರದ, ಅಂದರೆ ಬಿಷಪರ ಆಡಳಿತ ಪ್ರದೇಶದ, ಪ್ರಧಾನಾಲಯ ಇರುವುದು ಯೇಸುಸ್ವಾಮಿಯ ಸಾಕುತಂದೆ, ಬಡಗಿ ಸಂತ ಜೋಸೆಫರ ಹೆಸರಿನಲ್ಲಿ. 1955ರಲ್ಲಿ ಹನ್ನೆರಡನೆಯ ಪಿಯುಸ್ ಪೋಪ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಮರಗಸಿ ಮಾಡಲು, ಅಂದರೆ ನೆರಳಿನ ರೆಂಬೆ ಕಡಿಯಲು, ಸಿಲ್ವರ್ ಮರ ಹತ್ತುವವನ ಕೆಲಸ ಪವಿತ್ರವಲ್ಲ, ಗುರುಗಳ ಮತ್ತು ಕನ್ಯಾಸ್ತ್ರೀಯರ ಕೆಲಸ ಮಾತ್ರ ಪವಿತ್ರ ಎಂಬ ಭಾವನೆ ಎಲ್ಲಿಂದ ಬಂದರೂ ಸುವಾರ್ತೆಯಿಂದ ಬಂದದ್ದಲ್ಲ.

ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಎಂಬ ಪೌಲರ ಇನ್ನೊಂದು ಮಾತನ್ನು ಕೆಲವರು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿರುತ್ತಾರೆ. ಮನಸ್ಸಿಲ್ಲದವನು ಎಂಬುದನ್ನು ಗಮನಿಸಿ. ಸೊಂಟ ಬಿದ್ದವಳಿಗೆ, ಜ್ವರ ಬಂದವನಿಗೆ, ಕೆಲಸವೇ ಸಿಗದವನಿಗೆ ಹೇಳಿದ್ದಲ್ಲ ಅದು. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಯಜಮಾನ ಸಂಜೆ ಐದು ಗಂಟೆಗೆ ಪೇಟೆಗೆ ಹೋಗಿ, ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದಾಗ ಬಂದ ಉತ್ತರ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು. ಅವರಿಗೂ ಅವನು ಒಂದು ದಿನದ ಪೂರ್ತಿ ಕೂಲಿ ಕೊಟ್ಟ. ದೇವರ ಕೃಪೆಯ ಬಗ್ಗೆ ಹೇಳಿದ ಸಾಮತಿ ಇದು, ನಿಜ. ಆದರೆ ಒಂದು ದಿನ ಒಂದು ಮನೆ ಉಣ್ಣಲು ಎಷ್ಟು ಬೇಕು ಎಂದು ಆ ಯಜಮಾನನಿಗೆ ಗೊತ್ತಿತ್ತು ಎಂಬುದೂ ನಿಜ. 1891ರಲ್ಲಿ ಹದಿಮೂರನೆಯ ಲಿಯೋ ಪೋಪ್ ಕಾರ್ಮಿಕರ ಬಗ್ಗೆ ಇಡೀ ಸಭೆಗೆ ಬರೆದ ವಿಶ್ವಪತ್ರದಲ್ಲಿ ಇದೇ ಮಾತಿದೆ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಅದು ಸಾಲಬೇಕು ಎಂದರು ಅವರು. 2025ರಲ್ಲಿ ಆಯ್ಕೆಯಾದ ಪೋಪ್ ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡದ್ದು ಆ ಪತ್ರವನ್ನು ನೆನೆದು.

ಇನ್ನು ವಿಶ್ರಾಂತಿ. ವಿಮೋಚನಕಾಂಡದ 20ನೆಯ ಅಧ್ಯಾಯ ಏಳನೆಯ ದಿನ ಕೆಲಸ ಮಾಡಬಾರದವರ ಪಟ್ಟಿಯನ್ನೇ ಕೊಡುತ್ತದೆ. ನೀನು, ನಿನ್ನ ಮಕ್ಕಳು, ನಿನ್ನ ದಾಸದಾಸಿಯರು, ನಿನ್ನ ಪಶುಗಳು, ನಿನ್ನ ಊರಲ್ಲಿರುವ ಪರದೇಶಿ. ಆಳುಗಳು ಇರುವ ನಮ್ಮ ಸಾಲುಮನೆಗಳಲ್ಲಿ, ಲೈನ್ ಮನೆಗಳಲ್ಲಿ, ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಪರದೇಶಿ ಎಂದರೆ ಯಾರು ಎಂದು ಹುಡುಕಿಕೊಂಡು ಹೋಗಬೇಕಿಲ್ಲ. ನಾವು ಭಾನುವಾರ ಚರ್ಚಿನ ಬಲಿಪೂಜೆಗೆ ಹೊರಟಾಗ ಅವರು ಕುಕ್ಕೆ ಹಿಡಿದು ಗಿಡದ ಬುಡದಲ್ಲಿ ನಿಂತಿದ್ದರೆ, ನಾವು ಪಾಲಿಸಿದ್ದು ಯಾವ ಆಜ್ಞೆ? ಹಣ್ಣು ಕಾಯುವುದಿಲ್ಲ, ಮೋಡ ಕಟ್ಟಿದರೆ ಕಣದಲ್ಲಿ ಹರಡಿದ ಕಾಫಿ ಹಾಳಾಗುತ್ತದೆ, ಅದು ನನಗೆ ಗೊತ್ತು. ಬಾವಿಗೆ ಬಿದ್ದ ಎತ್ತನ್ನು ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲೂ ಮೇಲೆತ್ತುತ್ತೀರಲ್ಲವೇ ಎಂದು ಯೇಸುಸ್ವಾಮಿಯೇ ಕೇಳಿದ್ದಾರೆ. ಭಾನುವಾರ ಕೆಲಸ ತೆಗೆದುಕೊಂಡರೆ ಸಂತೆಯ ದಿನ ರಜೆ ಕೊಡಿ, ಆ ರಜೆಗೆ ಕೂಲಿ ಕೊಡಿ. ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಇದೇ ಮಾತು. ಕ್ರಿಸ್ಮಸ್ ರಾತ್ರಿಯೂ ಲ್ಯಾಪ್‌ಟಾಪ್ ತೆರೆದು ಕೂರುವುದನ್ನು ಶ್ರದ್ಧೆ ಎಂದು ಹೊಗಳುವುದನ್ನು ತಂದೆತಾಯಿಗಳು ನಿಲ್ಲಿಸಬೇಕು.

ಗುರುಗಳಲ್ಲಿ ಒಂದು ಬೇಡಿಕೆ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಮಕ್ಕಳು ಹೂ ಹಿಡಿದು ಬರುತ್ತಾರೆ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತೇವೆ, ಹೊಸಕ್ಕಿಯ ಊಟ ಮಾಡುತ್ತೇವೆ. ನವೆಂಬರಿನಲ್ಲಿ ಶುರುವಾಗುವ ಕೊಯ್ಲಿಗೆ ಮುಂಚೆ ತೋಟದ ದಣಿಗಳೂ ಆಳುಗಳೂ ಒಂದೇ ಸೂರಿನಡಿ ಕೂರುವ ದಿನ ಅದು. ಕೂಲಿ, ತೂಕ, ಲೈನ್ ಮನೆಯ ನೀರು, ಶೌಚಾಲಯ ಇವುಗಳ ಬಗ್ಗೆ ಅಂದು ಬೋಧಿಸಿ. ಬೆಳೆಗಾರರಿಗೆ ಇರುಸುಮುರುಸಾದರೆ ಆಗಲಿ.

ಬೆಲೆ ಬಿದ್ದಾಗ ಏನು ಮಾಡೋಣ ಎಂದು ನನ್ನ ಜೊತೆಯ ಬೆಳೆಗಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಂಡಕೊರಕ ಹುಳು ಬಿದ್ದು ಗಿಡ ಕಿತ್ತವರು, ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿ ಫಸಲು ಕಳೆದುಕೊಂಡವರು, ಬ್ಯಾಂಕಿನ ಸಾಲ ಕಟ್ಟಲಾಗದೆ ನಿದ್ದೆಗೆಟ್ಟವರು ನಮ್ಮಲ್ಲಿ ಇದ್ದಾರೆ. ಸಣ್ಣ ಬೆಳೆಗಾರನಾಗಿ ನನಗೂ ಆ ಭಯವಿದೆ. ಆದರೆ 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತಲ್ಲ, ಆ ವರ್ಷ ನಮ್ಮ ತೋಟಗಳ ಕೂಲಿ ಎಷ್ಟು ಏರಿತು? ನಷ್ಟದ ವರ್ಷದಲ್ಲಿ ಆಳುಗಳನ್ನು ಕರೆದು ಕಷ್ಟ ಹೇಳಿಕೊಳ್ಳುವವನು ಲಾಭದ ವರ್ಷದಲ್ಲೂ ಅದೇ ಆಳುಗಳ ಮುಂದೆ ಪುಸ್ತಕ ತೆರೆಯಬೇಕು. ಈ ಸಲ ಚೀಲಕ್ಕೆ ಇಷ್ಟು ಬಂತು, ಗೊಬ್ಬರಕ್ಕೆ ಇಷ್ಟು ಹೋಯಿತು, ಸಾಲಕ್ಕೆ ಇಷ್ಟು, ನಿಮಗೆ ಇಷ್ಟು ಕೊಡಲು ಸಾಧ್ಯ ಎಂದು ಅಂಕಿಗಳನ್ನು ಹೇಳಬೇಕು. ಅವರೂ ಲೆಕ್ಕ ಬಲ್ಲವರೇ, ಪ್ರಶ್ನೆ ಕೇಳಲಿ. ಈ ಕೊಯ್ಲು ಮುಗಿಯುವ ಮುನ್ನ ಹಾಗೆ ಲೆಕ್ಕ ತೆರೆಯಲು ಸಿದ್ಧರಿರುವ ಬೆಳೆಗಾರರು ನಿಮ್ಮ ಚರ್ಚಿನಲ್ಲಿ ಇಬ್ಬರೇ ಇದ್ದರೂ ಸಾಕು, ಅವರಿಬ್ಬರೂ ಒಟ್ಟಿಗೆ ಕುಳಿತು ಮುಂದಿನ ವರ್ಷದ ದರವನ್ನು ಮಾತಾಡಿಕೊಳ್ಳಲಿ.