ಚಾವಿ ಯಾರ ಹತ್ತಿರ ಇದೆ?

ನಮಸ್ಕಾರ. ಮುಂಬಯಿಯ ಕನ್ನಡ ಕೇಳುಗರ ಜೊತೆ ಇವತ್ತು ಶಾಲೆ ಕಾಲೇಜುಗಳ ಮಾಕ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸದ ಬಗ್ಗೆ ನಾಲ್ಕು ಮಾತಾಡೋಣ ಅಂತ ಬಂದಿದ್ದೇನೆ. ಬೋರಿಂಗ್ ವಿಷಯ ಅಂತ ರೇಡಿಯೊ ಆಫ್ ಮಾಡಬೇಡಿ, ಆಯ್ತಾ?

ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹ. ಆ ತಾರೀಖು ನಮ್ಮ ಊರಿನದೇ. 1944ರಲ್ಲಿ ಅದೇ ದಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಮೂಟೆ, ಅದರ ಜೊತೆಗೇ ಸ್ಫೋಟಕ. ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಅಲ್ಲೇ ಜೀವ ಬಿಟ್ಟರು. ಅವರ ನೆನಪಿಗೆ ಈ ಸಪ್ತಾಹ.

ಈಗ ಡ್ರಿಲ್ ಹೇಗೆ ನಡೆಯುತ್ತದೆ ಗೊತ್ತಲ್ವಾ? ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಮೆಸೇಜ್, ನಾಳೆ ಹನ್ನೊಂದು ಗಂಟೆಗೆ. ಗಂಟೆ ಬಾರಿಸುತ್ತದೆ, ಮಕ್ಕಳು ನಗುನಗುತ್ತಾ ಸಾಲಾಗಿ ಇಳಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಫೈಲಿಗೆ ಹೋಗುತ್ತದೆ. ಮುಗೀತು. ಬೆಂಕಿ ಮಾತ್ರ ಮೆಸೇಜ್ ಹಾಕಿ ಬರುವುದಿಲ್ಲ.

ಒಂದು ಶಾಲೆ ನೋಡಿದ್ದೇನೆ, ಹೆಸರು ಬೇಡ. ನಾಲ್ಕು ಮಹಡಿ, ಹಿಂದೆ ಒಂದು ಎರಡನೇ ಮೆಟ್ಟಿಲು. ಅದರ ಕೆಳಗೆ ಮುರಿದ ಬೆಂಚು, ಗ್ಯಾದರಿಂಗ್‌ನ ಥರ್ಮಾಕೋಲ್ ಕಮಾನು, ಪೊರಕೆ. ಬಾಗಿಲಿಗೆ ಜಾಲಿ ಗೇಟು, ಗೇಟಿಗೆ ಬೀಗ. ಚಾವಿ ಎಲ್ಲಿ ಅಂತ ಕೇಳಿದರೆ ವಾಚ್‌ಮನ್ ಹತ್ತಿರ, ವಾಚ್‌ಮನ್ ಚಹಾ ಕುಡಿಯಲು ಹೋಗಿದ್ದಾನೆ. ಗೋಡೆಯ ಮೇಲಿನ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇರಬೇಕಿತ್ತು, ಕೆಂಪಿಗೆ ಇಳಿದಿತ್ತು, ಅಂದರೆ ಒಳಗೆ ಒತ್ತಡವೇ ಇಲ್ಲ. ಯಾರೋ ಅದಕ್ಕೆ ಟಿಫಿನ್ ಚೀಲ ನೇತು ಹಾಕಿದ್ದರು.

ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿ ನೆನಪಿದೆಯಾ? 2004ರ ಜುಲೈ 16, ಹುಲ್ಲಿನ ಚಾವಣಿ, ಇಕ್ಕಟ್ಟಿನ ಮೆಟ್ಟಿಲು, 94 ಮಕ್ಕಳ ಸಾವು. 2019ರ ಮೇ ತಿಂಗಳಲ್ಲಿ ಸೂರತ್‌ನ ಕೋಚಿಂಗ್ ಕ್ಲಾಸ್‌ನಲ್ಲಿ 22 ವಿದ್ಯಾರ್ಥಿಗಳು ಹೋದರು. ಇಳಿಯಲು ದಾರಿ ಕಾಣದೆ ಮೇಲಿನಿಂದ ಹಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನಮ್ಮಲ್ಲಿ ದಾದರ್‌ನಲ್ಲಿ, ಠಾಣೆಯಲ್ಲಿ ಸ್ಟೇಷನ್ ಹತ್ತಿರ ಮೇಲಿನ ಮಹಡಿಯಲ್ಲಿ ಎಷ್ಟು ಕ್ಲಾಸ್‌ಗಳಿಲ್ಲ ಹೇಳಿ! ಶಾಲೆಗೆ ನೂರು ಪ್ರಶ್ನೆ ಕೇಳುವ ನಾವು ಅಲ್ಲಿ ಫೀಸು ಬಿಟ್ಟು ಬೇರೇನೂ ಕೇಳುವುದಿಲ್ಲ.

ನನ್ನ ಪ್ರಕಾರ ಡ್ರಿಲ್ ಹೇಳದೆ ಮಾಡಬೇಕು, ಅದೂ ಊಟದ ಬಿಡುವಿನಲ್ಲಿ. ಆಗಲೇ ಮಕ್ಕಳು ಚೆದುರಿರುತ್ತಾರೆ, ಒಬ್ಬ ಟಾಯ್ಲೆಟ್‌ನಲ್ಲಿ, ಇನ್ನೊಬ್ಬಳು ಲ್ಯಾಬ್‌ನಲ್ಲಿ. ಒಂದು ಮೆಟ್ಟಿಲಿಗೆ ಹಗ್ಗ ಕಟ್ಟಿ, "ಇಲ್ಲಿ ಹೊಗೆ ಇದೆ" ಅನ್ನಿ, ಏನಾಗುತ್ತದೆ ನೋಡಿ. ಲಿಫ್ಟ್ ಹತ್ತಿರ ಯಾರೂ ಹೋಗಬಾರದು. ಹೊಗೆ ಮೇಲೇರುತ್ತದೆ, ಹಾಗಾಗಿ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಬರಬೇಕು. ಮೈದಾನಕ್ಕೆ ಬಂದ ಮೇಲೆ ಹಾಜರಿ ತೆಗೆಯಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು. ಒಂದು ತಲೆ ಕಡಿಮೆ ಅಂತ ಗೊತ್ತಾಗದಿದ್ದರೆ ಹುಡುಕಲು ಯಾರು ಹೋಗುತ್ತಾರೆ? ಟೀಚರ್‌ಗಳಷ್ಟೇ ಅಲ್ಲ, ಆಯಾ, ಪ್ಯೂನ್, ಬಸ್ ಡ್ರೈವರ್, ಕ್ಯಾಂಟೀನ್ ಹುಡುಗ, ಎಲ್ಲರಿಗೂ ಸಿಲಿಂಡರಿನ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿ ಇಟ್ಟು ಒತ್ತಲು ಕಲಿಸಿ. ಉರಿಯುವ ಎಣ್ಣೆಗೆ ನೀರು ಹಾಕಬಾರದು ಅಂತ ಆ ಹುಡುಗನಿಗೆ ಮೊದಲು ಹೇಳಿ.

ರಾತ್ರಿ ಶಾಲೆಗಳಲ್ಲಿ ಇದು ಇನ್ನೂ ಕಷ್ಟ. ಹೋಟೆಲ್ ಕೆಲಸ ಮುಗಿಸಿ ಬರುವ ಹುಡುಗರಿಗೆ ಕಟ್ಟಡದ ಒಂದು ಮೂಲೆ ಮಾತ್ರ ಗೊತ್ತು, ಉಳಿದದ್ದೆಲ್ಲ ಕತ್ತಲೆ.

ಇನ್ನು ಮನೆಯಲ್ಲಿ ಮಾಡುವ ಒಂದು ಕೆಲಸ. ನಮ್ಮ ಮಕ್ಕಳಿಗೆ 101, 112 ಬಾಯಿಪಾಠ ಇರುತ್ತದೆ, ಫೋನ್ ಎತ್ತಿದವರಿಗೆ ಹೇಳಲು ವಿಳಾಸ ಬರುವುದಿಲ್ಲ. ಬಿಲ್ಡಿಂಗ್ ಹೆಸರು, ಎಷ್ಟನೇ ಮಹಡಿ, ಹತ್ತಿರದ ಗುರುತು, ಮರಾಠಿಯಲ್ಲೋ ಹಿಂದಿಯಲ್ಲೋ ತಡವರಿಸದೆ ಹೇಳಿಸಿ ನೋಡಿ. ಅವರು ಸಾಕು ಅನ್ನುವವರೆಗೆ ಫೋನ್ ಇಡಬಾರದು ಅಂತಲೂ ಹೇಳಿ. ನಮಸ್ಕಾರ.